ಸರ್ವೆಯರ್ ಮಾವ ರಿಟೈರ್ ಆದ ಮೇಲೆ: ಒಂದು ಪ್ರಕರಣ ಅಧ್ಯಯನ

ನನ್ನ ಸೋದರಮಾವ 35 ವರ್ಷ ಸರ್ಕಾರಿ ಭೂಮಾಪಕರಾಗಿದ್ದರು. ನಾವೆಲ್ಲ ಅವರನ್ನು ಸರ್ವೆಯರ್ ಮಾವ ಅಂತಲೇ ಕರೆಯುವುದು. 60 ತುಂಬಿದ ತಿಂಗಳ ಕೊನೆಯ ದಿನ, 2019ರ ಮೇ 31ಕ್ಕೆ, ನಿವೃತ್ತರಾದರು. ಆಮೇಲಿನ ಒಂದೂವರೆ ವರ್ಷ ಅವರು ಕುಗ್ಗಿ ಹೋದದ್ದನ್ನೂ ಅದಾದ ಮೇಲೆ ಮತ್ತೆ ಚೇತರಿಸಿಕೊಂಡದ್ದನ್ನೂ ಹತ್ತಿರದಿಂದ ನೋಡಿದ್ದೇನೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಊರು ಬೇಡ ಅಂದರು. ತುಮಕೂರು ಜಿಲ್ಲೆಯ ತೆಂಗಿನ ಸೀಮೆಯಲ್ಲಿ ಒಂದು ತಾಲ್ಲೂಕು ಕೇಂದ್ರ ಅಂತ ಮಾತ್ರ ತಿಳಿದುಕೊಳ್ಳಿ.

ರಿಟೈರ್ ಆದವರಿಗೆ ನಮ್ಮಲ್ಲಿ ಎಲ್ಲರೂ ಹೇಳುವುದು ಒಂದೇ. ತೀರ್ಥಯಾತ್ರೆ ಮಾಡಿ, ಮೊಮ್ಮಕ್ಕಳ ಜೊತೆ ಇರಿ, ವಾಕಿಂಗ್ ಹೋಗಿ, ಏನಾದರೂ ಹವ್ಯಾಸ ಇಟ್ಟುಕೊಳ್ಳಿ. ಮಾವ ಇದೆಲ್ಲವನ್ನೂ ಮಾಡಿ ನೋಡಿದರು. ಯಾವುದೂ ಹಿಡಿಸಲಿಲ್ಲ. ಅದು ಯಾಕೆ ಹಿಡಿಸಲಿಲ್ಲ, ಕೊನೆಗೆ ಹಿಡಿಸಿದ್ದು ಯಾಕೆ ಹಿಡಿಸಿತು ಅನ್ನುವುದನ್ನು ಬರೆದಿಡಬೇಕು ಅನ್ನಿಸಿತು. ನಮ್ಮ ಸುತ್ತಮುತ್ತ ಈಗ ರಿಟೈರ್ ಆಗುತ್ತಿರುವವರು ಬಹಳ ಜನ ಇದ್ದಾರೆ, ಮತ್ತು ಮನೆಯವರಿಗೆ ಅವರ ಜೊತೆ ಏನು ಮಾಡಬೇಕು ಅಂತ ತೋಚುತ್ತಿಲ್ಲ.

ಮೊದಲು ದುಡ್ಡಿನ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಈ ಕಥೆ ಮೋಸ ಆಗುತ್ತದೆ. ಮಾವನಿಗೆ ಹಳೇ ಪಿಂಚಣಿ ಇದೆ. ಕೊನೆಯ ಮೂಲವೇತನದ ಅರ್ಧ, ಅದರ ಮೇಲೆ ತುಟ್ಟಿಭತ್ಯೆ. ಗ್ರಾಚ್ಯುಟಿ ಬಂತು, 300 ದಿನಗಳ ಗಳಿಕೆ ರಜೆಯ ದುಡ್ಡು ಬಂತು, ಪಿಂಚಣಿಯ ಮೂರನೇ ಒಂದು ಭಾಗವನ್ನು ಕಮ್ಯುಟೇಶನ್ ಮಾಡಿಸಿ, ಅಂದರೆ ಮುಂಗಡವಾಗಿ ಒಟ್ಟಿಗೆ ತಗೊಂಡು, ಮಗಳ ಮದುವೆಯ ಸಾಲ ತೀರಿಸಿದರು. ಮನೆ ಸ್ವಂತದ್ದು. 2006ರ ಏಪ್ರಿಲ್ 1ರಿಂದ ಈಚೆಗೆ ರಾಜ್ಯ ಸರ್ಕಾರದ ಕೆಲಸಕ್ಕೆ ಸೇರಿದವರು ಹೊಸ ಪಿಂಚಣಿ ಯೋಜನೆಯಾದ ಎನ್‌ಪಿಎಸ್‌ನಲ್ಲಿದ್ದಾರೆ, ಅವರ ಲೆಕ್ಕವೇ ಬೇರೆ. ಫ್ಯಾಕ್ಟರಿಗಳಲ್ಲಿ ದುಡಿದು ಭವಿಷ್ಯನಿಧಿಯ ಇಪಿಎಸ್ ಪಿಂಚಣಿ ತಗೊಳ್ಳುವವರಿಗೆ ಕನಿಷ್ಠ ಮೊತ್ತ ತಿಂಗಳಿಗೆ 1000 ರೂಪಾಯಿ. ಅಂಥವರಿಗೆ 60 ಆದ ಮೇಲೂ ಹೊಟ್ಟೆಪಾಡಿನ ಪ್ರಶ್ನೆಯೇ ಮೊದಲು. ಮಾವನ ಕಷ್ಟ ಹೊಟ್ಟೆಪಾಡಿನದ್ದಲ್ಲ, ಅದು ನೆನಪಿರಲಿ.

ಅವರ ಕೆಲಸ ಏನಿತ್ತು ಅಂತ ಗೊತ್ತಾಗದೆ ಅವರು ಏನು ಕಳೆದುಕೊಂಡರು ಅಂತ ಗೊತ್ತಾಗುವುದಿಲ್ಲ. ನಮ್ಮ ಕಡೆ ಭೂಮಿ ಅಳೆಯುವ ಸರಪಳಿ 33 ಅಡಿ, ಅದರಲ್ಲಿ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಅಂದರೆ ಒಂದು ಗುಂಟೆ, 40 ಗುಂಟೆ ಸೇರಿದರೆ ಎಕರೆ. ಹದ್ದುಬಸ್ತಿಗೆ, ಅಂದರೆ ಗಡಿ ಗುರುತಿಸುವುದಕ್ಕೆ ಅಂತ ಹೊಲಕ್ಕೆ ಹೋದರೆ ಈ ಕಡೆ ಅಣ್ಣನ ಮನೆಯವರು, ಆ ಕಡೆ ತಮ್ಮನ ಮನೆಯವರು, ನಡುವೆ ಇವರು. ಗಡಿಯ ಬಾಂದು ಕಲ್ಲು ಹುಡುಕಬೇಕು. ಕಲ್ಲನ್ನು ಯಾರೋ ಕಿತ್ತು ಹಾಕಿರುತ್ತಾರೆ. ಹಳೇ ಟಿಪ್ಪಣಿ (ಹಿಂದಿನ ಸರ್ವೆಯ ಅಳತೆ ಬರೆದ ನಕ್ಷೆ) ಬಿಚ್ಚಿ, ಕ್ರಾಸ್‌ಸ್ಟಾಫ್ ನಿಲ್ಲಿಸಿ, ಸರಪಳಿ ಎಳೆಸಿ, ಗಡಿ ಇಲ್ಲಿ ಬರುತ್ತದೆ ಅಂತ ಹೇಳುವವರೆಗೆ ಅಲ್ಲಿ ಯಾರೂ ಉಸಿರೆತ್ತುವುದಿಲ್ಲ. ಚಿಕ್ಕಂದಿನಲ್ಲಿ ನಾನೂ ಒಂದೆರಡು ಸಲ ಜೊತೆಗೆ ಹೋಗಿದ್ದೆ. ಜಗಳಕ್ಕೆ ಅಂತಲೇ ಬಂದ ಗಂಡಸರು ಮಾವ ಟಿಪ್ಪಣಿ ನೋಡುವಾಗ ಸುಮ್ನೆ ನಿಂತಿರುತ್ತಿದ್ದರು.

ಬೀಳ್ಕೊಡುಗೆ ಚೆನ್ನಾಗಿಯೇ ಆಯಿತು. ಪೇಟ, ಶಾಲು, ಹಣ್ಣಿನ ತಟ್ಟೆ, ಎಲ್ಲರ ಭಾಷಣ. ಮಾರನೇ ದಿನ ಬೆಳಗ್ಗೆ ಎದ್ದು ಸ್ನಾನ ಮುಗಿಸಿ ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು ಕೂತಿದ್ದರಂತೆ. ಎಲ್ಲಿಗೆ ಅಂತ ಅತ್ತೆ ಕೇಳಿದ್ದಕ್ಕೆ ಉತ್ತರ ಇರಲಿಲ್ಲ.

ಮೊದಲು ಬೆಂಗಳೂರಿಗೆ ಮಗನ ಮನೆಗೆ ಹೋದರು. ಅಪಾರ್ಟ್‌ಮೆಂಟು. ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗುತ್ತಾರೆ, ಮೊಮ್ಮಗ ಶಾಲೆ ಮುಗಿಸಿ ಬರುವುದು ಸಂಜೆ, ಬಂದ ಮೇಲೆ ಟ್ಯೂಷನ್ನು. ಪಾರ್ಕಿನಲ್ಲಿ ನಾಲ್ಕು ಜನ ಪರಿಚಯವಾದರು, ಅವರೂ ಯಾರದೋ ಅಪ್ಪ, ಯಾರದೋ ಮಾವ. ಎರಡು ತಿಂಗಳಿಗೇ ವಾಪಸ್ ಬಂದರು. ಮಗನ ಮೇಲೆ ಬೇಜಾರೇನಿಲ್ಲ, ಅಲ್ಲಿ ಯಾರಿಗೂ ನಾನು ಬೇಕಾಗಿರಲಿಲ್ಲ ಅಂದರು. ಈ ಮಾತನ್ನು ನಾವು ಯಾರೂ ಆಗ ಸರಿಯಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ.

ಆಮೇಲೆ ತೋಟ. ಪಿತ್ರಾರ್ಜಿತದ ಎರಡು ಎಕರೆ ತೆಂಗು ಇತ್ತು. ಕಾಯಿ ಕೀಳುವವರು ಸಿಗುವುದಿಲ್ಲ, ಬೋರ್‌ವೆಲ್ ಒಂದು ದಿನ ನೀರು ಕೊಟ್ಟರೆ ಎರಡು ದಿನ ಇಲ್ಲ, ನುಸಿಪೀಡೆ ಬೇರೆ. ರೈತನಾಗುವುದು ಅಂದರೆ 60ರಲ್ಲಿ ಕಲಿಯುವ ಹವ್ಯಾಸ ಅಲ್ಲ ಅಂತ ಅವರಿಗೆ ಬೇಗ ಗೊತ್ತಾಯಿತು, ತೋಟವನ್ನು ವಾರಕ್ಕೆ, ಅಂದರೆ ಬೆಳೆಯಲ್ಲಿ ಪಾಲಿನ ಕರಾರಿಗೆ, ಬೇರೆಯವರಿಗೆ ಹಾಕಿದರು. ಊರ ದೇವಸ್ಥಾನದ ಜೀರ್ಣೋದ್ಧಾರ ಸಮಿತಿಯಲ್ಲಿ ಖಜಾಂಚಿಯಾದರು. ರಸೀದಿ ಇಲ್ಲದ ಖರ್ಚನ್ನು ಬರೆಯುವುದಿಲ್ಲ ಅಂತ ಹಟ ಹಿಡಿದರು. ಅಲ್ಲಿಗೆ ಅದೂ ಮುಗಿಯಿತು.

ಈ ನಡುವೆ ಅವರಿಗೆ ಒಂದು ಅಭ್ಯಾಸ ಬಿತ್ತು. ಬೆಳಗ್ಗೆ ಹನ್ನೊಂದರ ಹೊತ್ತಿಗೆ ಮಿನಿ ವಿಧಾನಸೌಧದ ಕಡೆ ಹೋಗುವುದು. ಹಳೇ ಸಹೋದ್ಯೋಗಿಗಳು ಬನ್ನಿ ಸಾರ್ ಅಂತ ಎದ್ದು ನಿಲ್ಲುತ್ತಿದ್ದರು, ಕಾಫಿ ತರಿಸುತ್ತಿದ್ದರು. ಕೆಲವು ತಿಂಗಳಾದ ಮೇಲೆ ಎದ್ದು ನಿಲ್ಲುವುದು ನಿಂತಿತು. ಹೊಸದಾಗಿ ಬಂದ ಹುಡುಗನೊಬ್ಬ ಒಂದು ದಿನ, ಮರ್ಯಾದೆಯಾಗಿಯೇ, ‘ಏನು ಕೆಲಸ ಇತ್ತು ಸಾರ್?’ ಅಂತ ಕೇಳಿದ. ಕೆಲಸ ಏನೂ ಇರಲಿಲ್ಲ. ಅವತ್ತಿನಿಂದ ಆ ಕಡೆ ಹೋಗುವುದನ್ನು ಬಿಟ್ಟರು. ಅಷ್ಟರಲ್ಲಿ 2020ರ ಮಾರ್ಚ್ ಬಂತು, ಲಾಕ್‌ಡೌನ್ ಆಯಿತು, ಹೋಗುವುದಕ್ಕೆ ಜಾಗವೇ ಉಳಿಯಲಿಲ್ಲ. ಮಧ್ಯಾಹ್ನ ಜಾಸ್ತಿ ಹೊತ್ತು ಮಲಗುವುದು, ರಾತ್ರಿ ನಿದ್ದೆ ಇಲ್ಲ, ಬೆಳಗಿನ ನಾಲ್ಕಕ್ಕೇ ಎದ್ದು ಕೂರುವುದು. ಬಿಪಿ ಏರಿತು. ಅಡುಗೆಮನೆಗೆ ಬಂದು ಸಾಸಿವೆ ಡಬ್ಬಿ ಇಲ್ಲಿ ಯಾಕೆ, ಗ್ಯಾಸ್ ಇಷ್ಟು ಉರಿ ಯಾಕೆ ಅಂತ ಶುರು ಮಾಡಿದರು.

ಅತ್ತೆಯ ಬಗ್ಗೆ ಇಲ್ಲಿ ಹೇಳಲೇಬೇಕು, ಯಾಕೆಂದರೆ ನಿವೃತ್ತಿಯ ಬಗ್ಗೆ ಮಾತಾಡುವವರು ಹೆಂಡತಿಯನ್ನು ಮರೆತೇ ಬಿಡುತ್ತಾರೆ. ಮಾವ ಊರೂರು ತಿರುಗುತ್ತಿದ್ದಾಗ ಅತ್ತೆಗೆ ತನ್ನದೇ ಒಂದು ದಿನಚರಿ ಇತ್ತು. ಹತ್ತು ಗಂಟೆಗೆ ಕೆಲಸ ಮುಗಿಸಿ ಪಕ್ಕದ ಮನೆಯ ಜಗಲಿ, ಮಧ್ಯಾಹ್ನ ಸ್ವಲ್ಪ ಟಿವಿ, ಶುಕ್ರವಾರ ಭಜನೆ. ಗಂಡ ಮನೆಯಲ್ಲಿ ಕೂತ ಮೇಲೆ ಹತ್ತಕ್ಕೊಂದು ಕಾಫಿ, ಹನ್ನೆರಡಕ್ಕೊಂದು, ಊಟ ಸರಿಯಾಗಿ ಒಂದಕ್ಕೆ. ‘ನಿಮ್ಮ ಮಾವನ ಆಫೀಸು ಈಗ ನನ್ನ ಅಡುಗೆಮನೆ’ ಅಂತ ಫೋನಿನಲ್ಲಿ ನನ್ನ ಹತ್ತಿರ ಅತ್ತಿದ್ದರು. ಅವರ ದುಃಖವೂ ಮಾವನ ದುಃಖದಷ್ಟೇ ದೊಡ್ಡದಿತ್ತು ಅಂತ ನನಗೆ ಅನ್ನಿಸುತ್ತದೆ.

ತಿರುವು ಬಂದದ್ದು 2020ರ ಕೊನೆಯಲ್ಲಿ. ಹಾಲು ಹಾಕುವ ಹೆಂಗಸೊಬ್ಬರು ಪಹಣಿ (ಜಮೀನಿನ ಒಡೆತನ, ವಿಸ್ತೀರ್ಣ ಬರೆದ ಕಾಗದ) ಹಿಡಿದುಕೊಂಡು ಬಂದರು. ಗಂಡ ತೀರಿಕೊಂಡು ಪೌತಿ ಖಾತೆ ಆಗಿತ್ತು, ಅಂದರೆ ಗಂಡನ ಪಾಲು ಇವರ ಹೆಸರಿಗೆ ಬಂದಿತ್ತು. ಜಮೀನು ಒಟ್ಟು ಒಂದು ಎಕರೆ ನಾಲ್ಕು ಗುಂಟೆ. ಅಂದರೆ 44 ಗುಂಟೆ, ಅರ್ಧ ಅಂದರೆ 22 ಬರಬೇಕು. ಅವರ ಹೆಸರಿಗೆ ಬಂದದ್ದು 19. ಮಿಕ್ಕ ಮೂರು ಗುಂಟೆಯನ್ನು ಮೈದುನ ನುಂಗಿದ ಅನ್ನುವುದು ಅವರ ಸಂಕಟ. ನಾಲ್ಕು ವರ್ಷದಿಂದ ಎರಡು ಮನೆಗಳ ನಡುವೆ ಮಾತಿಲ್ಲ, ಮದುವೆ ಮುಂಜಿಗೂ ಹೋಗುವುದಿಲ್ಲ.

ಮಾವ ಕನ್ನಡಕ ಹಾಕಿಕೊಂಡು ಪಹಣಿಯ 3ನೇ ಕಲಂ ನೋಡಿದರು. ಒಟ್ಟು ವಿಸ್ತೀರ್ಣ 1-04. ಅದರ ಕೆಳಗೆ ಬಿ ಖರಾಬು 0-06. ಉಳಿದದ್ದು 0-38. 9ನೇ ಕಲಂನಲ್ಲಿ ಈಕೆಯ ಹೆಸರಿಗೆ 19, ಮೈದುನನ ಹೆಸರಿಗೂ 19. ಖರಾಬಿನಲ್ಲಿ ಎರಡು ಬಗೆ: ಎ ಖರಾಬು ಅಂದರೆ ಬೇಸಾಯಕ್ಕೆ ಬಾರದ್ದು, ಬಿ ಖರಾಬು ಅಂದರೆ ಹಳ್ಳ, ದಾರಿ, ಹೀಗೆ ಸಾರ್ವಜನಿಕರಿಗೆ ಸೇರಿದ್ದು. ಬಿ ಖರಾಬನ್ನು ಯಾರೂ ಪಾಲು ಮಾಡಿಕೊಳ್ಳುವ ಹಾಗಿಲ್ಲ. ಮಾವ ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಚೌಕ ಎಳೆದು, ನಡುವೆ ಹಳ್ಳ ಬರೆದು, ಈ ಕಡೆ ನಿಂದು, ಆ ಕಡೆ ಅವನದ್ದು, ಎರಡೂ ಸಮ, ಈ ಆರು ಗುಂಟೆ ಹಳ್ಳದ್ದು ಕಣಮ್ಮ ಅಂತ ತೋರಿಸಿದರು. ಆಕೆ ಹಾಳೆಯನ್ನೇ ನೋಡುತ್ತಾ, ‘ಹಂಗಾರೆ ನಾಕು ವರ್ಸ ಮಾತು ಬಿಟ್ಟಿದ್ದು ಈ ಹಳ್ಳುಕ್ಕಾ?’ ಅಂದರಂತೆ.

ಮೈದುನ ಒತ್ತುವರಿ ಮಾಡಿದ್ದಾನೆ ಅಂತ ಅನುಮಾನ ಇದ್ದರೆ ಹದ್ದುಬಸ್ತಿಗೆ ಅರ್ಜಿ ಹಾಕು, ಸರ್ಕಾರಿ ಸರ್ವೆಯರ್ ಬಂದು ಅಳೆಯುತ್ತಾರೆ ಅಂತಲೂ ಮಾವ ಹೇಳಿ ಕಳಿಸಿದರು. ಆಕೆ ಅರ್ಜಿ ಹಾಕಲಿಲ್ಲ. ಮುಂದಿನ ವಾರ ತಂಗಿಯನ್ನು ಕರೆದುಕೊಂಡು ಬಂದರು, ತಂಗಿಯ ಕೈಯಲ್ಲಿ ಇನ್ನೊಂದು ಪಹಣಿ.

ಇಲ್ಲಿಂದ ಶುರು. ಒಬ್ಬರಿಂದ ಒಬ್ಬರಿಗೆ ಸುದ್ದಿ ಹಬ್ಬಿತು. ಪಹಣಿ ಕಂಪ್ಯೂಟರಿಗೆ ಬಂದು, ಭೂಮಿ ಯೋಜನೆ ಶುರುವಾಗಿ, 20 ವರ್ಷ ದಾಟಿದೆ. ಈಗ ಮೊಬೈಲಿನಲ್ಲೇ ಪಹಣಿ ಸಿಗುತ್ತದೆ, ದಿಶಾಂಕ್ ಆ್ಯಪ್ ತೆಗೆದು ಹೊಲದಲ್ಲಿ ನಿಂತರೆ ಸರ್ವೆ ನಂಬರೂ ಗೊತ್ತಾಗುತ್ತದೆ. ಆದರೆ ಕಾಗದ ಸಿಗುವುದು ಬೇರೆ, ಕಾಗದ ಅರ್ಥವಾಗುವುದು ಬೇರೆ ಅಲ್ವಾ? ಪೈಕಿ ಪಹಣಿ ಅಂದರೆ ಏನು, ಪೋಡಿ (ಅಳೆದು ಪ್ರತ್ಯೇಕ ನಂಬರ್ ಕೊಡುವುದು) ಆಗದಿದ್ದರೆ ಏನು ತೊಂದರೆ, ಸರ್ವೆ ಇಲಾಖೆಯ ವಿಸ್ತೀರ್ಣದ ದಾಖಲೆಯಾದ ಆಕಾರ್‌ಬಂದ್‌ನಲ್ಲಿ ಒಂದು ವಿಸ್ತೀರ್ಣ ಪಹಣಿಯಲ್ಲಿ ಇನ್ನೊಂದು ಇದ್ದರೆ ಯಾವುದನ್ನು ನಂಬಬೇಕು, ಕ್ರಯಪತ್ರದ ಚೆಕ್ಕುಬಂದಿಗೂ (ನಾಲ್ಕು ದಿಕ್ಕಿನ ಗಡಿಯ ವಿವರ) ನಕ್ಷೆಗೂ ಯಾಕೆ ಹೊಂದುತ್ತಿಲ್ಲ, 11ಇ ಅನ್ನುವ ಸರ್ವೆ ನಕ್ಷೆ ಯಾವಾಗ ಬೇಕು. ಕಚೇರಿಯಲ್ಲಿ ಇದನ್ನೆಲ್ಲ ಕೂರಿಸಿ ಹೇಳುವುದಕ್ಕೆ ಅಲ್ಲಿನವರಿಗೆ ಹೊತ್ತಿರುವುದಿಲ್ಲ. ಹೊರಗೆ ದುಡ್ಡು ತಗೊಂಡು ಹೇಳುವವರು ಅರ್ಧ ಹೇಳುತ್ತಾರೆ.

ಎಲ್ಲ ಸಲವೂ ಒಳ್ಳೆಯ ಸುದ್ದಿಯೇ ಅಂತ ತಿಳಿಯಬೇಡಿ. ಒಬ್ಬ ಯಜಮಾನರು ಎರಡು ಎಕರೆ ಅಂತ ದುಡ್ಡು ಕೊಟ್ಟು ಕೊಂಡಿದ್ದರು, ಟಿಪ್ಪಣಿ ಪ್ರಕಾರ ಆ ಹಿಸ್ಸಾ, ಅಂದರೆ ಸರ್ವೆ ನಂಬರಿನ ಆ ತುಂಡು, ಇರುವುದೇ 1 ಎಕರೆ 32 ಗುಂಟೆ. ಎಂಟು ಗುಂಟೆ ಭೂಮಿಯ ಮೇಲೆ ಇಲ್ಲವೇ ಇಲ್ಲ. ಇದನ್ನು ಹೇಳಿದ ಮೇಲೆ ಆ ಯಜಮಾನರು ಮಾವನ ಜೊತೆ ಮಾತು ಬಿಟ್ಟರು. ನಮ್ಮ ನೆಂಟರಲ್ಲೇ ಒಬ್ಬರು ಅಕ್ಕತಂಗಿಯರ ಪಾಲು ತಪ್ಪಿಸುವ ದಾರಿ ಕೇಳಿಕೊಂಡು ಬಂದರು. ಮಾವ ಕಾಫಿ ಕೊಡಿಸಿ ಕಳಿಸಿದರು, ಆ ಮನೆಯ ಗೃಹಪ್ರವೇಶಕ್ಕೆ ನಮಗೆ ಯಾರಿಗೂ ಕರೆ ಬರಲಿಲ್ಲ. ಬಡಾವಣೆ ಮಾಡುವವರು ತಿಂಗಳಿಗೆ ಸಂಬಳ ಕೊಡುತ್ತೇವೆ, ನಮ್ಮ ಕಡೆ ಬನ್ನಿ ಅಂದರು. ಪಿಂಚಣಿಗಿಂತ ಜಾಸ್ತಿಯ ಮೊತ್ತ. ಒಲ್ಲೆ ಅಂದರು. ದುಡ್ಡು ತಗೊಳ್ಳುತ್ತಾರೆ ಅಂತ ಯಾರೋ ಗಾಳಿಮಾತು ಹಬ್ಬಿಸಿದಾಗ ಮಾತ್ರ ಬಹಳ ನೊಂದುಕೊಂಡರು, ಒಂದು ತಿಂಗಳು ಎಲ್ಲವನ್ನೂ ನಿಲ್ಲಿಸಿಬಿಟ್ಟಿದ್ದರು.

ಆ ಒಂದು ತಿಂಗಳಲ್ಲೇ ಕಟ್ಟುಪಾಡುಗಳು ಹುಟ್ಟಿದ್ದು. ಅದನ್ನು ಹಾಕಿದ್ದು ಮುಖ್ಯವಾಗಿ ಅತ್ತೆ. ದಿನಾ ಬೆಳಗಾದರೆ ಬಾಗಿಲ ಮುಂದೆ ಚಪ್ಪಲಿ, ಹಾಲ್ ತುಂಬ ಜನ, ಬಂದವರಿಗೆಲ್ಲ ಕಾಫಿ. ಇದಕ್ಕಿಂತ ನೀವು ಸಾಸಿವೆ ಡಬ್ಬಿ ನೋಡಿಕೊಂಡಿದ್ದೇ ವಾಸಿ ಅಂತ ಅತ್ತೆ ಗದರಿದರು. ಈಗ ವಾರಕ್ಕೆ ಎರಡೇ ದಿನ, ಹತ್ತರಿಂದ ಹನ್ನೆರಡೂವರೆ, ಅದೂ ಹೊರಗೆ ಜಗಲಿಯಲ್ಲಿ. ನೀರಿನ ಕೊಡ ಇರುತ್ತದೆ, ಕಾಫಿ ಇಲ್ಲ. ದುಡ್ಡು ಮುಟ್ಟುವುದಿಲ್ಲ. ಜನ ಸುಮ್ಮನಿರದೆ ತೆಂಗಿನಕಾಯಿ, ಅವರೆಕಾಯಿ ಬಿಟ್ಟು ಹೋಗುತ್ತಾರೆ, ಅದು ಹತ್ತಿರದ ಸರ್ಕಾರಿ ಶಾಲೆಯ ಬಿಸಿಯೂಟಕ್ಕೆ ಹೋಗುತ್ತದೆ. ಮಾವ ಯಾರ ಫೈಲು ಹಿಡಿದುಕೊಂಡೂ ಕಚೇರಿ ಮೆಟ್ಟಿಲು ಹತ್ತುವುದಿಲ್ಲ. ಹೊಲಕ್ಕೆ ಹೋಗಿ ಅಳೆಯುವುದಿಲ್ಲ, ಆ ಅಧಿಕಾರ ಈಗ ಅವರಿಗಿಲ್ಲ. ಕೇಸು ಕೋರ್ಟಿನಲ್ಲಿದ್ದರೆ ವಕೀಲರ ಹತ್ತಿರ ಹೋಗಿ ಅನ್ನುತ್ತಾರೆ. ಅಣ್ಣತಮ್ಮಂದಿರ ಜಗಳ ಆದರೆ ಇಬ್ಬರೂ ಒಟ್ಟಿಗೆ ಬರಬೇಕು.

ಇನ್ನು ಇದು ಯಾಕೆ ಹಿಡಿಸಿತು ಅನ್ನುವ ವಿಷಯ. ನಾನು ಬಹಳ ದಿನ ಅಂದುಕೊಂಡಿದ್ದು, ಮಾವ ಅಧಿಕಾರ ಕಳೆದುಕೊಂಡು ಸೊರಗಿದರು ಅಂತ. ಅದು ಅರ್ಧ ನಿಜ. ಆ ಹುಡುಗ ಏನು ಕೆಲಸ ಅಂತ ಕೇಳಿದಾಗ ನೋವಾದದ್ದು ಅಧಿಕಾರದ ಜಾಗಕ್ಕೇ. ಆದರೆ ಬರೀ ಅಧಿಕಾರದ ಆಸೆ ಇದ್ದಿದ್ದರೆ ದೇವಸ್ಥಾನದ ಖಜಾಂಚಿಗಿರಿ ಅವರಿಗೆ ಸಾಕಾಗುತ್ತಿತ್ತು, ಬಡಾವಣೆಯವರ ಕೆಲಸ ಇನ್ನೂ ಚೆನ್ನಾಗಿ ಸಾಕಾಗುತ್ತಿತ್ತು. 35 ವರ್ಷ ಅವರು ಮಾಡಿದ್ದರಲ್ಲಿ ಎರಡು ಬೆಸೆದುಕೊಂಡಿದ್ದವು. ಒಂದು ಸಹಿ, ಅದು ಸರ್ಕಾರದ್ದು. ಇನ್ನೊಂದು ಗೊಂದಲದ ಕಾಗದವನ್ನು ನೋಡಿ ಇದು ಹೀಗೆ ಅಂತ ಬಿಡಿಸಿ ಹೇಳುವ ಕಲೆ, ಅದು ಅವರದ್ದು. ನಿವೃತ್ತಿಯ ದಿನ ಎರಡೂ ಒಟ್ಟಿಗೆ ಹೋದವು ಅಂತ ಅವರೂ ಅಂದುಕೊಂಡರು, ನಾವೂ ಅಂದುಕೊಂಡೆವು. ಬೆಂಗಳೂರು, ತೋಟ, ದೇವಸ್ಥಾನ ಯಾವುದರಲ್ಲೂ ಆ ಕಲೆಗೆ ಕೆಲಸ ಇರಲಿಲ್ಲ. ನಾವು ಅವರಿಗೆ ಹೊತ್ತು ಕಳೆಯುವ ದಾರಿ ಹುಡುಕುತ್ತಿದ್ದೆವು, ಅವರಿಗೆ ಬೇಕಿದ್ದದ್ದು ಪ್ರಶ್ನೆ ಹಿಡಿದುಕೊಂಡು ಬರುವ ಒಬ್ಬ ಮನುಷ್ಯ. ‘ಅಲ್ಲಿ ನನ್ನ ಸಹಿಗೆ ಕಾಯ್ತಿದ್ರು, ಇಲ್ಲಿ ಮಾತಿಗೆ ಕಾಯ್ತಾರೆ’ ಅಂತ ಒಂದು ದಿನ ಮಾವನೇ ಅಂದರು.

ಇದನ್ನು ಯೋಚಿಸುವಾಗ ನನಗೆ ನಿಘಂಟುತಜ್ಞ ಜಿ. ವೆಂಕಟಸುಬ್ಬಯ್ಯನವರು ನೆನಪಾಗುತ್ತಾರೆ. ಬೆಂಗಳೂರಿನ ವಿಜಯ ಕಾಲೇಜಿನಲ್ಲಿ ಪ್ರಾಂಶುಪಾಲರಾಗಿದ್ದು 1973ರಲ್ಲಿ ನಿವೃತ್ತರಾದವರು. ಆಮೇಲೆ ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟಿನ ಪ್ರಧಾನ ಸಂಪಾದಕರಾಗಿ ದುಡಿದರು, ಪ್ರಜಾವಾಣಿಯ ‘ಇಗೋ ಕನ್ನಡ’ ಅಂಕಣದಲ್ಲಿ ವರ್ಷಗಟ್ಟಲೆ ಓದುಗರ ಪದಸಂಶಯಗಳಿಗೆ ಉತ್ತರ ಬರೆದರು, 2011ರಲ್ಲಿ ಬೆಂಗಳೂರಿನ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. 2021ರ ಏಪ್ರಿಲ್‌ನಲ್ಲಿ ತೀರಿಕೊಂಡಾಗ ಅವರಿಗೆ 107 ವರ್ಷ. ತರಗತಿ ಮುಗಿದಿತ್ತು, ಆದರೆ ಸಂಶಯ ಕೇಳುವವರು ಅವರ ಹತ್ತಿರ ಬರುತ್ತಲೇ ಇದ್ದರು. ಅಷ್ಟು ದೊಡ್ಡವರ ಪಕ್ಕ ಮಾವನನ್ನು ಕೂರಿಸುವುದಿಲ್ಲ, ಆದರೆ ದಾರಿ ಅದೇ ಅಂತ ನನ್ನ ಅನಿಸಿಕೆ.

ಎಲ್ಲರಿಗೂ ಇದೇ ಸರಿ ಅಂತ ಹೇಳಲು ಬರುವುದಿಲ್ಲ. ಮಾವನ ಜೊತೆಯಲ್ಲೇ ರಿಟೈರ್ ಆದ ಅವರ ಸ್ನೇಹಿತರೊಬ್ಬರು ಸರ್ವೆ ಅನ್ನುವ ಮಾತನ್ನೇ ಎತ್ತಬೇಡಿ ಅನ್ನುತ್ತಾರೆ. ಎರಡು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕಿ ನೆಮ್ಮದಿಯಾಗಿದ್ದಾರೆ. ಅವರಿಗೆ ಆ ಕೆಲಸ ಯಾವತ್ತೂ ಇಷ್ಟವಿರಲಿಲ್ಲ, ಬಿಟ್ಟದ್ದೇ ಬಿಡುಗಡೆ. ಹಾಗಾಗಿ ಮನೆಯವರು ಮೊದಲು ಕೇಳಬೇಕಾದದ್ದು, ನಿಮ್ಮ ಕೆಲಸದಲ್ಲಿ ನಿಮಗೆ ನಿಜವಾಗಿ ಖುಷಿ ಕೊಟ್ಟದ್ದು ಯಾವ ಭಾಗ ಅಂತ. ನಾವು ಮಾವನನ್ನು ಇದನ್ನು ಕೇಳಲೇ ಇಲ್ಲ. ಆ ಹಾಲಿನಮ್ಮ ಬರದೇ ಇದ್ದಿದ್ದರೆ ಏನಾಗುತ್ತಿತ್ತೋ.

ಮಾವ ನಿರೀಕ್ಷಿಸದೇ ಇದ್ದ ಒಂದು ಬೆಳವಣಿಗೆ ಕಚೇರಿಯ ಕಡೆಯಿಂದಲೇ ಬಂತು. ಹೊಸ ಭೂಮಾಪಕರ ಕೈಗೆ ಉಪಗ್ರಹದ ಸಹಾಯದಿಂದ ಅಳೆಯುವ ರೋವರ್ ಬಂದಿದೆ, ಹಳ್ಳಿಗಳ ಮೇಲೆ ಡ್ರೋನ್ ಹಾರುತ್ತದೆ, ಆದರೆ ಹಳೇ ಟಿಪ್ಪಣಿ ಇರುವುದು ಕೈಬರಹದಲ್ಲಿ, ಮಸಿ ಮಾಸಿದ ಕನ್ನಡ ಅಂಕಿಗಳಲ್ಲಿ, ಸರಪಳಿ ಆಣೆಯ ಲೆಕ್ಕದಲ್ಲಿ. ಆರೋ ಒಂಬತ್ತೋ ಗೊತ್ತಾಗದಿದ್ದಾಗ ಹುಡುಗರು ವಾಟ್ಸಾಪಿನಲ್ಲಿ ಫೋಟೊ ಕಳಿಸುತ್ತಾರೆ. ಮಾವ ಅದನ್ನು ದೊಡ್ಡದು ಮಾಡಿ ನೋಡಿ, ಪಕ್ಕದ ಗೆರೆಗಳ ಅಳತೆ ಕೂಡಿಸಿ, ಆರಾದರೆ ಗಡಿ ಮುಚ್ಚುವುದಿಲ್ಲ, ಒಂಬತ್ತೇ ಅಂತ ಉತ್ತರ ಕೊಡುತ್ತಾರೆ. ಏನು ಕೆಲಸ ಇತ್ತು ಸಾರ್ ಅಂತ ಕೇಳಿದ್ದ ಹುಡುಗನೂ ಕಳಿಸುತ್ತಾನೆ. ಅವನ ಫೋಟೊ ಬಂದರೆ ಮಾವ ಬೇಗನೇ ಉತ್ತರಿಸುತ್ತಾರೆ, ನಾನು ನೋಡಿದ್ದೇನೆ.

ಅತ್ತೆಯ ಪಾಡೂ ಬದಲಾಗಿದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಭಜನೆ ಮಂಡಳಿಯ ಹೆಂಗಸರೆಲ್ಲ ಸೇರಿ ಧರ್ಮಸ್ಥಳ, ಹೊರನಾಡು, ಮಲೆ ಮಹದೇಶ್ವರ ಬೆಟ್ಟ ಅಂತ ಹೊರಡುತ್ತಾರೆ. ಆ ದಿನಗಳಲ್ಲಿ ಮಾವ ಅನ್ನ ಸಾರು ಮಾಡಿಕೊಳ್ಳುತ್ತಾರೆ. ಮೊದಲ ಸಲ ಅತ್ತೆ ಇಲ್ಲದೆ ಎರಡು ದಿನ ಕಳೆದಾಗ, ಈಕೆಗೂ ಒಂದು ರಿಟೈರ್‌ಮೆಂಟ್ ಬೇಕಿತ್ತು ಅಂತ ಹೊಳೆಯಿತಂತೆ. 40 ವರ್ಷ ತಡವಾಗಿ ಹೊಳೆಯಿತು, ಆದರೂ ಹೊಳೆಯಿತಲ್ಲ ಅಂತ ನನಗೆ ಸಂತೋಷ.

ಮಾವನಿಗೆ ಈಗ ಕಣ್ಣಿನ ಪೊರೆ ತೊಂದರೆ. ಬಲಗಣ್ಣಿನ ಆಪರೇಷನ್ ಆಗಿದೆ, ಎಡಗಣ್ಣಿನದು ಬಾಕಿ. ಎದುರು ಮನೆಯ ಡಿಗ್ರಿ ಓದುವ ಹುಡುಗಿ ಜಗಲಿಯಲ್ಲಿ ಪಕ್ಕ ಕೂತು ಪಹಣಿ ಓದಿ ಹೇಳುತ್ತಾಳೆ. ಸಾಧಾರಣ ಪಹಣಿಗಳನ್ನು ಈಗ ಅವಳೇ ಬಿಡಿಸಿ ಹೇಳುವಷ್ಟು ಕಲಿತಿದ್ದಾಳೆ. ಅವಳ ಒತ್ತಾಯಕ್ಕೆ ಮಾವ ಪಹಣಿ ಓದುವುದು ಹೇಗೆ ಅಂತ ಒಂದು ಸಣ್ಣ ಪುಸ್ತಿಕೆ ಬರೆಯಲು ಕೂತಿದ್ದಾರೆ. ಮೊದಲ ಕರಡು ‘ಸದರಿ ಸ್ವತ್ತಿಗೆ ಸಂಬಂಧಿಸಿದಂತೆ’ ಅಂತ ಶುರುವಾಗಿತ್ತು. ಅತ್ತೆ ಒಂದು ಪುಟ ಓದಿ, ಆ ಹಾಲಿನಮ್ಮನಿಗೆ ಹೇಳಿದ ಹಾಗೆ ಬರೀರಿ, ಇದು ನನಗೇ ಅರ್ಥ ಆಗಲ್ಲ ಅಂದರು. ಹರಿದು ಹೊಸದಾಗಿ ಬರೆಯುತ್ತಿದ್ದಾರೆ. 3ನೇ ಕಲಂ, 9ನೇ ಕಲಂ ಮುಗಿದಿದೆ. ಈಗ 11ನೇ ಕಲಂ ಹತ್ತಿರ ಇದ್ದಾರೆ: ಸಾಲ ತೀರಿದ ಮೇಲೂ ಬ್ಯಾಂಕಿನ ಹೆಸರು ಪಹಣಿಯಲ್ಲಿ ಯಾಕೆ ಉಳಿದಿರುತ್ತದೆ, ಅದನ್ನು ತೆಗೆಸಲು ಯಾವ ಕಾಗದ ಕೊಡಬೇಕು ಅನ್ನುವ ಭಾಗ.